ಅಮೆರಿಕದ ಟೇಪು, ಅಜ್ಜಿ ಮನೆ ಟಿವಿ: ಎನ್‌ಟಿಎಸ್‌ಸಿಯಿಂದ ಪಾಲ್ ಡಿವಿಡಿಗೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರಸ್ತೆಯಲ್ಲಿ ನಮ್ಮಜ್ಜಿ ಮನೆ. ಅಲ್ಲಿ ಇನ್ನೂ 21 ಇಂಚಿನ ಹಳೇ ಡಬ್ಬಾ ಟಿವಿನೇ ಇರೋದು, ಪಿಕ್ಚರ್ ಟ್ಯೂಬ್ ಇವತ್ತಿಗೂ ಚೆನ್ನಾಗಿದೆ, ಪಕ್ಕದಲ್ಲಿ ಒಂದು ಡಿವಿಡಿ ಪ್ಲೇಯರ್ರು, ಅದರ ರಿಮೋಟಲ್ಲಿ ಅಜ್ಜಿಗೆ ಬೇಕಾಗಿರೋ ಎರಡು ಬಟನ್ ಯಾವುದು ಅಂತ ಕೈಗೇ ಗೊತ್ತು. ಹೊಸ ಟಿವಿ ತಂದಿಡ್ತೀವಿ ಅಂತ ಎಷ್ಟು ಸಲ ಹೇಳಿದ್ರೂ ಬೇಡ ಅಂದ್ರು. ಆದ್ರೆ ಒಂದು ಆಸೆ ಮಾತ್ರ ಇತ್ತು ಅವರಿಗೆ, ಅಜ್ಜಯ್ಯ ಚೆಂಡೆ ಬಾರಿಸಿದ್ದನ್ನ ಒಂದ್ಸಲ ಸರಿಯಾಗಿ ನೋಡಬೇಕು.

2005ರಲ್ಲಿ ಚಿಕ್ಕಪ್ಪ ಅಮೆರಿಕದಿಂದ ಬಂದಿದ್ದಾಗ ಊರಲ್ಲಿ ಯಕ್ಷಗಾನದ ಆಟ ಇತ್ತು, ಅಜ್ಜಯ್ಯಂದೇ ಚೆಂಡೆ. ಚಿಕ್ಕಪ್ಪ ರಂಗಸ್ಥಳದ ಪಕ್ಕ ನಿಂತು ಅಲ್ಲಿಂದ ತಂದಿದ್ದ ಮಿನಿ ಡಿವಿ ಕ್ಯಾಮೆರಾದಲ್ಲಿ ಒಂದು ಗಂಟೆ ಶೂಟ್ ಮಾಡಿದ್ರು. ವಾಪಸ್ ಹೋದ ಮೇಲೆ ಡಿವಿಡಿ ಮಾಡಿಸಿ ಕಳಿಸಿದ್ರು ಕೂಡ. ಅದನ್ನ ಇಲ್ಲಿ ಹಾಕಿದ್ರೆ ಚಿತ್ರ ಕಪ್ಪುಬಿಳುಪು, ಅದೂ ಮೇಲಿಂದ ಕೆಳಗೆ ಉರುಳ್ತಾ ಇರುತ್ತೆ. "ಎಂತ ಮಾರಾಯ ಇದು, ಅಜ್ಜಯ್ಯನ ತಲೆ ಕೆಳಗೆ ಬಂತು, ಕಾಲು ಮೇಲೆ ಹೋಯ್ತು" ಅಂತ ಅಜ್ಜಿ ಟಿವಿ ಆಫ್ ಮಾಡಿಬಿಟ್ರು. ಆಮೇಲೆ ಒಂದು ಸ್ಟುಡಿಯೋದಲ್ಲಿ ಕೊಟ್ಟು ಕನ್ವರ್ಟ್ ಮಾಡಿಸಿದ್ವಿ, ಬಣ್ಣ ಬಂತು, ಉರುಳೋದು ನಿಂತ್ತು, ಆದ್ರೆ ಅಜ್ಜಯ್ಯನ ಕೈ ಎಲ್ಲೋ, ಪೆಟ್ಟಿನ ಸದ್ದು ಎಲ್ಲೋ. ಅಜ್ಜಿ ಅದನ್ನೂ ನೋಡಲಿಲ್ಲ. ಅಜ್ಜಯ್ಯ ಹೋಗಿ 9 ವರ್ಷ ಆಯ್ತು. ಈ ಮಳೆಗಾಲದಲ್ಲಿ ತೋಟದ ಕೆಲಸ ಇಲ್ಲದ ದಿನ ನೋಡಿ ನಾನೇ ಕೂತು ಇದನ್ನ ಮಾಡಿ ಮುಗಿಸಿದೆ. ಯಾರ ಮನೆಯಲ್ಲಾದ್ರೂ ಇಂಥ ಟೇಪು ಬಿದ್ದಿದ್ರೆ ಉಪಯೋಗಕ್ಕೆ ಬರಲಿ ಅಂತ ಎಲ್ಲ ಬರೀತಾ ಇದೀನಿ.

ಮೊದಲು ರೋಗ ಏನು ಅಂತ ನೋಡೋಣ. ಟಿವಿ ಸಿಗ್ನಲ್ಲಿಗೆ ಒಂದೊಂದು ದೇಶದಲ್ಲಿ ಒಂದೊಂದು ಸ್ಟ್ಯಾಂಡರ್ಡ್. ನಮ್ಮ ಕಡೆ ಪಾಲ್, ಅಂದ್ರೆ ಸೆಕೆಂಡಿಗೆ 25 ಫ್ರೇಮು, 625 ಗೆರೆ, ಅದರಲ್ಲಿ ಡಿವಿಡಿಗೆ ಬರೋ ಚಿತ್ರ 720 ಅಗಲ 576 ಎತ್ತರ. ಅಮೆರಿಕದಲ್ಲಿ ಎನ್‌ಟಿಎಸ್‌ಸಿ, 525 ಗೆರೆ, ಚಿತ್ರ 720ಕ್ಕೆ 480, ಸೆಕೆಂಡಿಗೆ 29.97 ಫ್ರೇಮು. ಈ 25, 30 ಅನ್ನೋ ಲೆಕ್ಕ ಬಂದಿದ್ದು ಕರೆಂಟಿನಿಂದ. ನಮ್ಮ ಶರಾವತಿ ಕರೆಂಟು 50 ಸೈಕಲ್ಲು, ಅವರದ್ದು 60. ಟಿವಿ ಶುರುವಾದ ಕಾಲದಲ್ಲಿ ಕರೆಂಟಿನ ಸೈಕಲ್ಲಿಗೆ ಚಿತ್ರ ಹೊಂದಿಲ್ಲ ಅಂದ್ರೆ ತೆರೆ ಮೇಲೆ ಪಟ್ಟಿ ಓಡಾಡ್ತಿತ್ತು, ಹಾಗಾಗಿ ಒಬ್ಬರು 50 ಹಿಡಿದ್ರು ಇನ್ನೊಬ್ಬರು 60 ಹಿಡಿದ್ರು. 1953ರಲ್ಲಿ ಅಮೆರಿಕದವರು ಬಣ್ಣದ ಸ್ಟ್ಯಾಂಡರ್ಡ್ ಮಾಡುವಾಗ ಬಣ್ಣದ ಸಿಗ್ನಲ್ಲು ಶಬ್ದದ ಸಿಗ್ನಲ್ಲಿಗೆ ತಾಗಬಾರದು ಅಂತ 60ನ್ನ ಸ್ವಲ್ಪ ಇಳಿಸಿ 59.94 ಮಾಡಿದ್ರು, ಅದರ ಅರ್ಧವೇ 29.97, ಆ ಚಿಲ್ಲರೆ ಅಲ್ಲಿಂದ ಬಂದಿದ್ದು. ನಮ್ಮಲ್ಲಿ ದೂರದರ್ಶನ 1982ರಲ್ಲಿ ಬಣ್ಣಕ್ಕೆ ಬಂದಾಗ ಪಾಲ್ ಆಯ್ತು. ಬಣ್ಣ ಹೊತ್ತು ತರೋ ಅಲೆ ಎನ್‌ಟಿಎಸ್‌ಸಿಯಲ್ಲಿ 3.58 ಮೆಗಾಹರ್ಟ್ಸ್, ಪಾಲ್‌ನಲ್ಲಿ 4.43. ಅಜ್ಜಿ ಮನೆ ಟಿವಿ 4.43ರಲ್ಲೇ ಬಣ್ಣ ಹುಡುಕುತ್ತೆ, ಸಿಗಲ್ಲ, ಅದಕ್ಕೆ ಕಪ್ಪುಬಿಳುಪು. 50ರ ಲಯಕ್ಕೆ ಕೂರೋ ಟಿವಿಗೆ 60 ಕೊಟ್ರೆ ಚಿತ್ರ ಹಿಡಿದು ನಿಲ್ಸಕ್ಕಾಗಲ್ಲ, ಅದಕ್ಕೆ ಉರುಳೋದು.

ಪ್ಲೇಯರ್ ಸೆಟಪ್‌ನಲ್ಲಿ ಟಿವಿ ಟೈಪ್ ಅಂತ ಇರುತ್ತಲ್ಲ, ಅದನ್ನ ಆಟೋದಿಂದ ಪಾಲ್‌ಗೆ ಹಾಕಿ ನೋಡಿದೆ. ಬಣ್ಣ ಬಂತು, ಚಿತ್ರ ನಿಂತಿತು, ಆದ್ರೆ ಪ್ಲೇಯರ್ರು ಅಲ್ಲೇ ನಿಂತಲ್ಲೇ ಫ್ರೇಮು ಬಿಸಾಕಿ ಹೊಂದಿಸುತ್ತೆ, ಚೆಂಡೆ ಕೋಲು ತಡವರಿಸುತ್ತೆ. ಬೇರೆ ಏನಾದ್ರೂ ಆಗಿದ್ರೆ ಇಷ್ಟಕ್ಕೇ ಬಿಡಬಹುದಿತ್ತು, ಮದುವೆ ಊಟದ ಪಂಕ್ತಿ ತೋರಿಸೋಕೆ ಇಷ್ಟು ಸಾಕು. ಚೆಂಡೆಗೆ ಸಾಲಲ್ಲ.

ಸ್ಟುಡಿಯೋದವರ ಡಿಸ್ಕನ್ನ ಕಂಪ್ಯೂಟರಿಗೆ ಹಾಕಿ ಫ್ರೇಮು ಫ್ರೇಮು ಬಿಡಿಸಿ ನೋಡಿದಾಗ ಮೂರು ತಪ್ಪು ಕಾಣ್ತು. ಪ್ರತಿ ಆರು ಫ್ರೇಮಿಗೆ ಒಂದನ್ನ ಎಸೆದಿದ್ರು, ಅಂದ್ರೆ ಸೆಕೆಂಡಿಗೆ ಐದು ಸಲ ಎಡವುತ್ತೆ. ಶಬ್ದ ಹೊಂದಿಸುವಾಗ 29.97ನ್ನ 30 ಅಂತ ಹಿಡಿದಿದ್ರು, ಸಾವಿರಕ್ಕೆ ಒಂದು ವ್ಯತ್ಯಾಸ ಅಷ್ಟೇ ಅನ್ಸುತ್ತೆ, ಆದ್ರೆ ಒಂದು ಗಂಟೆಗೆ ಅದು 3.6 ಸೆಕೆಂಡ್ ಆಗುತ್ತೆ, ಆಟದ ಕೊನೆಗೆ ಬರೋ ಹೊತ್ತಿಗೆ ಕೋಲು ಬಿದ್ದು ಮೂರೂವರೆ ಸೆಕೆಂಡ್ ಆಚೆಗೆ ಸದ್ದು. ಮೂರನೇದು ಎಲ್ಲದಕ್ಕಿಂತ ದೊಡ್ಡದು. ಇಂಟರ್‌ಲೇಸ್ ಚಿತ್ರವನ್ನ ಬಿಡಿಸದೇ ಹಾಗೇ 480ರಿಂದ 576ಕ್ಕೆ ಹಿಗ್ಗಿಸಿದ್ರು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಡಿವಿ ಕ್ಯಾಮೆರಾದ ಒಂದು ಫ್ರೇಮು ಅಂದ್ರೆ ಒಂದು ಫೋಟೋ ಅಲ್ಲ. ತೋಟದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಬೆಳಿಗ್ಗೆ ಔಷಧಿ ಹೊಡೆದು, ಬಿಟ್ಟ ಸಾಲಿಗೆ ಮಧ್ಯಾಹ್ನ ಹೊಡೀತೀವಲ್ಲ ಹಾಗೆ, ಒಂದು ಬಿಟ್ಟು ಒಂದು ಗೆರೆ ಒಂದು ಕ್ಷಣದ್ದು, ಉಳಿದ ಗೆರೆ ಅರವತ್ತರಲ್ಲಿ ಒಂದು ಸೆಕೆಂಡ್ ಆದ್ಮೇಲಿನದು. ಈ ಒಂದೊಂದು ಸರದಿಗೆ ಫೀಲ್ಡ್ ಅಂತಾರೆ. ಅಂದ್ರೆ 29.97 ಫ್ರೇಮಿನ ಟೇಪಲ್ಲಿ ಸೆಕೆಂಡಿಗೆ 59.94 ಬೇರೆ ಬೇರೆ ಕ್ಷಣ ಇದಾವೆ. ಅಜ್ಜಯ್ಯ ಉರುಳಿಕೆ (ಬಿಡುವಿಲ್ಲದೇ ಬೀಳೋ ಬಿರುಸಿನ ಪೆಟ್ಟು) ಹಾಕುವಾಗ ಕೋಲು ಮೇಲೆ ಹೋಗಿ ಕೆಳಗೆ ಬಂದು ಮುಗಿಯೋದು ಈ ಎರಡು ಮೂರು ಕ್ಷಣದೊಳಗೆ. ಫೀಲ್ಡನ್ನ ಬೇರೆ ಮಾಡದೇ ಹಿಗ್ಗಿಸಿದ್ರೆ ಬೆಳಗಿನ ಸಾಲೂ ಮಧ್ಯಾಹ್ನದ ಸಾಲೂ ಕಲಸಿ ಹೋಗುತ್ತೆ, ಆಮೇಲೆ ಯಾರೂ ಅದನ್ನ ಬಿಡಿಸಕ್ಕಾಗಲ್ಲ. ಹಾಗಾಗಿ ಸ್ಟುಡಿಯೋ ಡಿಸ್ಕಿಂದ ಏನೂ ಉಳಿಸೋ ಹಾಗಿರಲಿಲ್ಲ, ಮೂಲ ಟೇಪೇ ಬೇಕು.

ಟೇಪು ಅಜ್ಜಿ ಟ್ರಂಕಿನಲ್ಲಿ ಪಟ್ಟೆಸೀರೆ ಪಕ್ಕ ಇತ್ತು. ಮಲೆನಾಡು ಅಂದ್ಮೇಲೆ ಗೊತ್ತಲ್ಲ, ಕ್ಯಾಸೆಟ್ಟಿನ ಪ್ಲಾಸ್ಟಿಕ್ ಡಬ್ಬಿ ಮೇಲೆಲ್ಲ ಬೂಷ್ಟು ಹಿಡಿದಿತ್ತು. ಬೂಷ್ಟು ಹಿಡಿದ ಟೇಪನ್ನ ದಯವಿಟ್ಟು ಹಾಗೇ ಕ್ಯಾಮೆರಾಕ್ಕೆ ಹಾಕಬೇಡಿ, ಹೆಡ್ಡು ಹಾಳಾದ್ರೆ ಟೇಪೂ ಹೋಯ್ತು ಕ್ಯಾಮೆರಾನೂ ಹೋಯ್ತು. ನಾನು ಡಬ್ಬಿ ಎಸೆದು, ಕ್ಯಾಸೆಟ್ಟಿನ ಹೊರಮೈ ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬದಲ್ಲಿ ಒಂದು ವಾರ ಇಟ್ಟೆ. ಮುಚ್ಚಳ ಎತ್ತಿ ಟಾರ್ಚ್ ಹಾಕಿ ನೋಡಿದಾಗ ಒಳಗಿನ ರೀಲು ಹೊಳೀತಾ ಇತ್ತು, ಬಿಳಿ ಚುಕ್ಕೆ ಇರಲಿಲ್ಲ. ಆಮೇಲೇ ಹಾಕಿದ್ದು. ಕ್ಯಾಮೆರಾ ಕೂಡ ಅದೇ ಬೇಕು, ಯಾಕಂದ್ರೆ ಇಲ್ಲಿ ಕೊಂಡ ಪಾಲ್ ಕ್ಯಾಮೆರಾಗಳು ಸಾಮಾನ್ಯವಾಗಿ ಎನ್‌ಟಿಎಸ್‌ಸಿ ಟೇಪು ಓಡಿಸಲ್ಲ. ಪುಣ್ಯಕ್ಕೆ ಅದೂ ಇಲ್ಲೇ ಇತ್ತು.

ಹಳೇ ಡೆಸ್ಕ್‌ಟಾಪಿಗೆ ಕ್ಯಾಮೆರಾದ ಕೇಬಲ್ ಸಿಕ್ಕಿಸೋಕೆ ಫೈರ್‌ವೈರ್ ಕಾರ್ಡ್ ಹಾಕಿ, ಲಿನಕ್ಸಲ್ಲಿ ಡಿವಿಗ್ರ್ಯಾಬ್ ಅನ್ನೋ ಪ್ರೋಗ್ರಾಂ ಓಡಿಸಿ ಟೇಪಲ್ಲಿ ಇದ್ದಿದ್ದನ್ನ ಇದ್ದ ಹಾಗೇ ಇಳಿಸಿದೆ, ಒಂದು ಗಂಟೆಗೆ ಹತ್ತತ್ರ 13 ಜಿಬಿ. ಹಳದಿ ಪಿನ್ನಿನ ಕೇಬಲ್ಲಲ್ಲಿ ರೆಕಾರ್ಡ್ ಮಾಡೋದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ, ಇದು ಅಂಕಿಗೆ ಅಂಕಿ ನಕಲು. ಎರಡು ಕಡೆ ಚೌಕಚೌಕ ಬಂತು, ಕ್ಲೀನಿಂಗ್ ಕ್ಯಾಸೆಟ್ ಒಂದ್ಸಲ ಓಡಿಸಿ ಆ ಜಾಗ ಮಾತ್ರ ಇನ್ನೊಮ್ಮೆ ಇಳಿಸಿದಾಗ ಸರಿಹೋಯ್ತು. ಒಂದು ವಿಷಯ ಗಮನಿಸಿ, ಕ್ಯಾಮೆರಾದಲ್ಲಿ ಶಬ್ದ 12 ಬಿಟ್‌ಗೆ ಸೆಟ್ ಆಗಿತ್ತು, ಅಂದ್ರೆ 32 ಕಿಲೋಹರ್ಟ್ಸ್. ಡಿವಿಡಿಗೆ 48 ಬೇಕೇ ಬೇಕು. ಮೊದಲೇ 48ಕ್ಕೆ ಬದಲಾಯಿಸಿ, ಆಡಿಯೋದ ಒಟ್ಟು ಉದ್ದ ಚಿತ್ರದ ಉದ್ದಕ್ಕೆ ಸರಿಯಾಗಿ ಕೂತಿದೆಯಾ ಅಂತ ಕೊನೆಯ ಒಂದು ಪೆಟ್ಟನ್ನ ಹಿಡಿದು ನೋಡಿದೆ. ಕೂತಿತ್ತು.

ಈಗ ನಿಜವಾದ ಕೆಲಸ. ದಾರಿ ಹೀಗೆ: ಮೊದಲು 59.94 ಫೀಲ್ಡುಗಳನ್ನ ಬಿಡಿಸಿ 59.94 ಪೂರ್ತಿ ಫ್ರೇಮು ಮಾಡ್ಬೇಕು, ಅದನ್ನ 50 ಫ್ರೇಮಿಗೆ ತರಬೇಕು, 480ನ್ನ 576ಕ್ಕೆ ಹಿಗ್ಗಿಸಬೇಕು, ಕೊನೆಗೆ ಒಂದು ಬಿಟ್ಟು ಒಂದು ಗೆರೆ ತಗೊಂಡು ಮತ್ತೆ ಹೆಣೆದು 25 ಇಂಟರ್‌ಲೇಸ್ ಫ್ರೇಮು ಮಾಡ್ಬೇಕು. ಹೀಗೆ ಮಾಡಿದ್ರೆ ಡಬ್ಬಾ ಟಿವಿ ಮೇಲೆ ಸೆಕೆಂಡಿಗೆ 50 ಕ್ಷಣ ಸಿಗುತ್ತೆ. ತುಂಬಾ ಜನ ಡೀಇಂಟರ್‌ಲೇಸ್ ಅಂತ ಒತ್ತಿ ಮೊದಲೇ 30 ಫ್ರೇಮು ಮಾಡ್ಕೊಂಡು ಬಿಡ್ತಾರೆ, ಅಲ್ಲಿಗೆ ಅರ್ಧ ಚಲನೆ ಕಸಕ್ಕೆ ಹೋಯ್ತು.

ಫೀಲ್ಡ್ ಬಿಡಿಸೋಕೆ ಏವಿಸಿಂತ್ ಅನ್ನೋ ವಿಡಿಯೋ ಪ್ರೋಗ್ರಾಂನ ಕ್ಯೂಟಿಜಿಎಂಸಿ ಫಿಲ್ಟರ್ ಬಳಸಿದೆ. ಎಫ್‌ಎಫ್‌ಎಂಪೆಗ್ ಅನ್ನೋ ಇನ್ನೊಂದು ಪ್ರೋಗ್ರಾಂನ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಕೂಡ ಕೆಟ್ಟದ್ದಲ್ಲ, ಬಹಳ ಬೇಗ ಮುಗಿಯುತ್ತೆ, ಆದ್ರೆ ವೇಷದ ಕಿರೀಟದ ಅಂಚಲ್ಲಿ, ಎದೆಕಟ್ಟಿನ ಮಣಿಸಾಲಲ್ಲಿ ಮಿಣಮಿಣ ಉಳೀತು. ಕ್ಯೂಟಿಜಿಎಂಸಿಯಲ್ಲಿ ಅದು ಹೋಯ್ತು. ಫೀಲ್ಡ್ ಕ್ರಮ ಇಲ್ಲಿ ಮುಖ್ಯ, ಡಿವಿ ಯಾವಾಗ್ಲೂ ಕೆಳಗಿನ ಫೀಲ್ಡ್ ಮೊದಲು, ಅದನ್ನ ಕೈಯಾರೆ ಹೇಳ್ಬೇಕು. ನಮ್ಮ ಕಡೆ ಮಳೆಗಾಲದ ಕರೆಂಟಿನ ಕತೆ ಇದ್ದಿದ್ದೇ, ಒಂದು ಗಂಟೆಯ ಟೇಪನ್ನ ಒಟ್ಟಿಗೇ ಓಡಿಸಿದ್ರೆ ಮಧ್ಯ ಕರೆಂಟ್ ಹೋಗಿ ಎಲ್ಲ ಮೊದಲಿಂದ, ಹಾಗಾಗಿ 5 ನಿಮಿಷದ 12 ತುಂಡು ಮಾಡಿ, ಒಂದೊಂದೇ ತುಂಡನ್ನ ನಷ್ಟವಿಲ್ಲದ ಫೈಲಾಗಿ ಉಳಿಸಿಕೊಂಡು ಹೋದೆ.

59.94ರಿಂದ 50ಕ್ಕೆ ತರೋದ್ರಲ್ಲಿ ಮೂರು ದಿನ ಹೋಯ್ತು, ಮತ್ತೆ ಹೋಗಬೇಕಾದ್ದೇ. ಇದು ಟಿವಿಯವರಿಗೂ ಹಳೇ ತಲೆನೋವು. ಮೊದಮೊದಲು ಅವರು ಒಂದು ಸ್ಟ್ಯಾಂಡರ್ಡಿನ ಟಿವಿ ಮುಂದೆ ಇನ್ನೊಂದು ಸ್ಟ್ಯಾಂಡರ್ಡಿನ ಕ್ಯಾಮೆರಾ ಇಟ್ಟು ಶೂಟ್ ಮಾಡಿಯೇ ಬದಲಾಯಿಸ್ತಿದ್ರು, 1968ರ ಮೆಕ್ಸಿಕೋ ಒಲಿಂಪಿಕ್ಸ್ ಹೊತ್ತಿಗೆ ಬಿಬಿಸಿಯವರು ಇಡೀ ಫೀಲ್ಡನ್ನ ಹಿಡಿದಿಟ್ಟು ಬದಲಾಯಿಸೋ ಎಲೆಕ್ಟ್ರಾನಿಕ್ ಯಂತ್ರ ಬಳಸಿದ್ರು. ಈಗ ಅದೇ ಕೆಲಸ ನಮ್ಮ ಮೇಜಿನ ಮೇಲೆ ಆಗುತ್ತೆ, ಆದ್ರೆ ಯಾವ ರೀತಿಯಲ್ಲಿ ಅಂತ ನಾವೇ ಆರಿಸ್ಕೋಬೇಕು. ಒಂದು, ಆರರಲ್ಲಿ ಒಂದನ್ನ ಬಿಡೋದು. ಎರಡು, ಅಕ್ಕಪಕ್ಕದ ಎರಡನ್ನ ಬೆರೆಸೋದು. ಮೂರು, ಎಂವಿಟೂಲ್ಸ್ ತರದ್ದರಲ್ಲಿ ಚಲನೆ ಅಂದಾಜು ಮಾಡಿ ಮಧ್ಯದ ಕ್ಷಣವನ್ನ ಹೊಸದಾಗಿ ಸೃಷ್ಟಿ ಮಾಡೋದು.

20 ಸೆಕೆಂಡಿನ ಎರಡು ತುಂಡು ತಗೊಂಡೆ, ಒಂದರಲ್ಲಿ ವೇಷದವರು ಮಂಡಿ ಹಾಕ್ತಾ (ಮಂಡಿಯೂರಿ ತಿರುಗ್ತಾ) ರಂಗಸ್ಥಳ ಸುತ್ತೋದು, ಕ್ಯಾಮೆರಾ ಜೊತೆಗೇ ತಿರುಗುತ್ತೆ. ಇನ್ನೊಂದರಲ್ಲಿ ಅಜ್ಜಯ್ಯನ ಕೈ ಮತ್ತು ಚೆಂಡೆ ಮಾತ್ರ, ತುಂಬಾ ಹತ್ತಿರದಿಂದ. ಎರಡನ್ನೂ ಮೂರು ರೀತಿ ಮಾಡಿ ಅಳಿಸಿ ಮತ್ತೆ ಬರೆಯೋಕಾಗೋ ಒಂದು ಡಿವಿಡಿ ಆರ್‌ಡಬ್ಲ್ಯೂಗೆ ಬರೆದು ಅಜ್ಜಿ ಟಿವಿಯಲ್ಲೇ ನೋಡಿದೆ. ಮಂಡಿ ತುಂಡಿಗೆ ಮೂರನೇ ರೀತಿ ಕಣ್ಣಿಗೆ ಕಟ್ಟಿದ ಹಾಗಿತ್ತು, ಬೆಣ್ಣೆ ಹಾಗೆ ಜಾರ್ತಾ ಇತ್ತು. ಚೆಂಡೆ ತುಂಡಿಗೆ ಅದೇ ರೀತಿ ಪೂರ್ತಿ ಸೋಲ್ತು. ಕೋಲು ಒಂದು ಫೀಲ್ಡಿಂದ ಇನ್ನೊಂದಕ್ಕೆ ಅಷ್ಟು ದೂರ ಹೋಗಿರುತ್ತೆ, ಲೆಕ್ಕಕ್ಕೆ ಅದು ಸಿಗೋದೇ ಇಲ್ಲ, ಒಂದು ಕಡೆ ಕೋಲು ಮಾಯ ಆಗುತ್ತೆ, ಇನ್ನೊಂದು ಕಡೆ ಅಜ್ಜಯ್ಯನ ಮಣಿಕಟ್ಟು ರಬ್ಬರಿನ ಹಾಗೆ ಎಳೆದುಕೊಳ್ಳುತ್ತೆ. ಬೆರೆಸಿದ್ದರಲ್ಲಿ ನಾಲ್ಕು ಕೋಲು ಕಾಣ್ತು. ಬರೀ ಆರರಲ್ಲಿ ಒಂದನ್ನ ಬಿಟ್ಟಿದ್ದೇ ಚೆಂಡೆಗೆ ಸರಿ ಬಂತು. ಬಿಟ್ಟಿದ್ದು ಅರವತ್ತರಲ್ಲಿ ಒಂದು ಸೆಕೆಂಡಿನ ಒಂದು ಕ್ಷಣ ಅಷ್ಟೇ, ಕಣ್ಣು ಹಿಡಿಯಲ್ಲ, ಉಳಿದ ಪ್ರತಿ ಕ್ಷಣವೂ ಅಜ್ಜಯ್ಯ ನಿಜವಾಗಿ ಬಾರಿಸಿದ ಕ್ಷಣ. ಸ್ಟುಡಿಯೋದವರು 30ರಲ್ಲಿ ಬಿಟ್ಟಾಗ ಎಡವಿದ್ದು, ಇಲ್ಲಿ 60ರಲ್ಲಿ ಬಿಟ್ಟಾಗ ಎಡವಲಿಲ್ಲ.

ಹಾಗಾಗಿ ಇಡೀ ಟೇಪನ್ನ ಒಂದೇ ರೀತಿ ಮಾಡಲಿಲ್ಲ. ಶಾಟ್ ಶಾಟ್ ನೋಡಿ, ಕ್ಯಾಮೆರಾ ತಿರುಗೋ ಕಡೆ, ಕುಣಿತದ ಕಡೆ ಚಲನೆ ಅಂದಾಜಿನ ರೀತಿ, ಚೆಂಡೆ ಮದ್ದಲೆ ಕೈ ಕಾಣೋ ಕಡೆಯೆಲ್ಲ ಬಿಡೋ ರೀತಿ. ಹೊಂದಿಸೋಕೆ ಎರಡು ಸಂಜೆ ಹಿಡೀತು. ಶಬ್ದವನ್ನ ಒಂದು ಚೂರೂ ಮುಟ್ಟಲಿಲ್ಲ, ಒಟ್ಟು ಕಾಲ ಬದಲಾಗಿಲ್ಲವಲ್ಲ, ಒಂದು ಗಂಟೆ ಅಂದ್ರೆ ಒಂದು ಗಂಟೆಯೇ.

ಶಬ್ದದ ವಿಷಯ ಎದ್ದಿದ್ದು ಇನ್ನೊಂದು ಕ್ಲಿಪ್ಪಿನಲ್ಲಿ. ಚಿಕ್ಕಪ್ಪನ ಮಗಳು ಆಮೇಲೆ ಒಂದ್ಸಲ ಬಂದಿದ್ದಾಗ ಜಗಲಿಯಲ್ಲಿ ಅಜ್ಜಯ್ಯ ಅವಳಿಗೆ ಚೆಂಡೆ ಹೇಳಿಕೊಟ್ಟಿದ್ದನ್ನ 14 ನಿಮಿಷ ತೆಗೆದಿದ್ದಾಳೆ, ಅದು 23.976 ಫ್ರೇಮಿನ ಎಚ್‌ಡಿ. ಅದನ್ನೂ ಇದೇ ಡಿಸ್ಕಿಗೆ ಹಾಕ್ಬೇಕಿತ್ತು. 24ರ ಸಿನಿಮಾವನ್ನ ಪಾಲ್‌ಗೆ ತರುವಾಗ ಎಲ್ಲರೂ ಮಾಡೋದು ಸ್ವಲ್ಪ ವೇಗ ಜಾಸ್ತಿ ಮಾಡಿ 25ಕ್ಕೆ ಓಡಿಸೋದು, ಸುಮಾರು 4 ಪರ್ಸೆಂಟು. ನಾನೂ ಹಾಗೇ ಮಾಡ್ದೆ. ಅಡುಗೆಮನೆಯಿಂದ ಕೇಳಿಸಿಕೊಂಡ ಅಜ್ಜಿ "ಚೆಂಡೆ ಶ್ರುತಿ ಏರಿದೆಯಲ್ಲ, ಯಾರು ಬಿಗಿದಿದ್ದು ಇದನ್ನ?" ಅಂತ ಕೇಳಿದ್ರು. ಅವರ ಕಿವಿ ಸರಿಯಾಗೇ ಹಿಡಿದಿತ್ತು, 23.976ನ್ನ 25 ಮಾಡಿದ್ರೆ ಶ್ರುತಿ ಅರ್ಧ ಸ್ವರದ ಮುಕ್ಕಾಲು ಪಾಲಿನ ಹತ್ತಿರ ಏರುತ್ತೆ, ಹಾರ್ಮೋನಿಯಂನಲ್ಲಿ ಪಕ್ಕದ ಮನೆಗೆ ಹೋಗೋಕೆ ಸ್ವಲ್ಪ ಕಮ್ಮಿ. ಬಡಗುತಿಟ್ಟು ಯಕ್ಷಗಾನದ ಚೆಂಡೆಯನ್ನ ಭಾಗವತರ ಶ್ರುತಿಗೆ ಸೇರಿಸಿ ಬಿಗಿಯೋದು, ಐವತ್ತು ವರ್ಷ ಅದನ್ನೇ ಕೇಳಿದವರಿಗೆ ಗೊತ್ತಾಗದೇ ಇರುತ್ತಾ. ಶ್ರುತಿ ಇಳಿಸಿ ವೇಗ ಉಳಿಸೋ ಫಿಲ್ಟರ್ ಹಾಕಿ ನೋಡಿದೆ, ಮಾತಿಗೆ ಪರವಾಗಿಲ್ಲ, ಆದ್ರೆ ಚೆಂಡೆಯ ಒಂದು ಪೆಟ್ಟು ಎರಡಾಗಿ ಕೇಳ್ತು, ಪೆಟ್ಟಿನ ಮೊನೆ ಮೊಂಡಾಯ್ತು. ಅದನ್ನೂ ಬಿಟ್ಟೆ.

ಕೊನೆಗೆ ಹಿಡಿದಿದ್ದು ಹೆಚ್ಚು ಜನ ಮಾಡದ ದಾರಿ. 23.976ನ್ನ ಬರೀ 24ಕ್ಕೆ ತಂದೆ, ಸಾವಿರಕ್ಕೆ ಒಂದು, ಕಿವಿಗೆ ಏನೂ ತಿಳಿಯಲ್ಲ. ಆಮೇಲೆ ಸಿನಿಮಾ ಫ್ರೇಮನ್ನ ಟಿವಿ ಫೀಲ್ಡಿಗೆ ಹಂಚೋ ಎಫ್‌ಎಫ್‌ಎಂಪೆಗ್‌ನ ಟೆಲಿಸಿನಿ ಫಿಲ್ಟರಿಗೆ ಹನ್ನೊಂದು ಸಲ 2, ಒಂದು ಸಲ 3 ಅನ್ನೋ ಪ್ಯಾಟರ್ನ್ ಕೊಟ್ಟೆ. ಹನ್ನೊಂದು ಫ್ರೇಮು ಎರಡೆರಡು ಫೀಲ್ಡಿಗೆ, ಹನ್ನೆರಡನೇದು ಮೂರು ಫೀಲ್ಡಿಗೆ, ಒಟ್ಟು 12 ಫ್ರೇಮಿಗೆ 25 ಫೀಲ್ಡು, ಅಂದ್ರೆ ಸೆಕೆಂಡಿಗೆ ಸರಿಯಾಗಿ 50. ಚಿತ್ರದಲ್ಲಿ ಸೆಕೆಂಡಿಗೆ ಎರಡು ಸಲ ಒಂದು ಫೀಲ್ಡು ಜಾಸ್ತಿ ನಿಲ್ಲುತ್ತೆ, ಕೂತು ಪಾಠ ಹೇಳೋ ದೃಶ್ಯದಲ್ಲಿ ಅದು ಕಾಣಲ್ಲ. ಚೆಂಡೆ ಮಾತ್ರ ಅಜ್ಜಯ್ಯ ಬಿಗಿದ ಶ್ರುತಿಯಲ್ಲೇ ಉಳೀತು. ಈ ಕ್ಲಿಪ್ಪು 16:9 ಆದ್ದರಿಂದ ಟೇಪಿನ 4:3 ಜೊತೆ ಹೊಂದಲಿ ಅಂತ ಟೆಲಿಸಿನಿಗೆ ಮೊದಲೇ 720ಕ್ಕೆ 432 ಮಾಡಿ, ಮೇಲೆ ಕೆಳಗೆ 72 ಗೆರೆ ಕಪ್ಪು ಬಿಟ್ಟೆ.

ಎನ್‌ಕೋಡಿಂಗು ಸುಲಭದ್ದು, ಬೇಗ ಹೇಳಿಬಿಡ್ತೀನಿ. ಒಟ್ಟು 74 ನಿಮಿಷ, ಒಂದು ಪದರದ ಡಿಸ್ಕಿನಲ್ಲಿ 4.7 ಜಿಬಿ ಅಂತ ಬರೆದಿರುತ್ತೆ, ಕಂಪ್ಯೂಟರ್ರು 4.37 ಅಂತ ತೋರಿಸುತ್ತೆ, ಎರಡೂ ಒಂದೇ. ಎಂಪೆಗ್ 2, ಸರಾಸರಿ 7000 ಕಿಲೋಬಿಟ್, ಗರಿಷ್ಠ 8500. ಡಿವಿಡಿ ನಿಯಮ 9800ರ ತನಕ ಬಿಡುತ್ತೆ, ಆದ್ರೆ ಮನೆಯಲ್ಲಿ ಬರೆದ ಡಿಸ್ಕನ್ನ ಹಳೇ ಪ್ಲೇಯರ್ರು ಅಷ್ಟು ವೇಗದಲ್ಲಿ ಓದೋಕೆ ಒದ್ದಾಡುತ್ತೆ. ಜಿಓಪಿ, ಅಂದ್ರೆ ಒಂದು ಪೂರ್ತಿ ಚಿತ್ರದಿಂದ ಶುರುವಾಗೋ ಫ್ರೇಮುಗಳ ಗುಂಪು, 15 ಫ್ರೇಮು ಮೀರಬಾರದು, ಎನ್‌ಟಿಎಸ್‌ಸಿಯ 18 ಇಲ್ಲಿ ನಡೆಯಲ್ಲ. ಶಬ್ದ ಎಸಿ3, 256 ಕಿಲೋಬಿಟ್. ಇಂಟರ್‌ಲೇಸ್ ಅಂತ ಎನ್‌ಕೋಡರಿಗೆ ಮರೆಯದೇ ಹೇಳಿ. ಡಿಸ್ಕಿನ ರೂಪಕ್ಕೆ ಜೋಡಿಸೋ ಡಿವಿಡಿಆಥರ್ ಪ್ರೋಗ್ರಾಂನಲ್ಲಿ ವಿಡಿಯೋ ಫಾರ್ಮ್ಯಾಟ್ ಪಾಲ್ ಅಂತ ಮೊದಲೇ ಹಾಕಿಡಿ, ಇಲ್ಲಾಂದ್ರೆ ಕೊನೆಗೆ ತಕರಾರು ಮಾಡುತ್ತೆ.

ಮೊದಲ ಡಿಸ್ಕು ಕಂಪ್ಯೂಟರಲ್ಲಿ ಚೆನ್ನಾಗಿ ಓಡ್ತು. ಅಜ್ಜಿ ಟಿವಿಯಲ್ಲಿ ಹಾಕಿದ್ರೆ ನಿಂತವರು ಸರಿ, ಕುಣಿಯೋರು ಮಾತ್ರ ಗಡಗಡ ನಡುಗ್ತಾರೆ. ಹೆಣೆಯುವಾಗ ಮೇಲಿನ ಫೀಲ್ಡ್ ಮೊದಲು ಅಂತ ಹೆಣೆದಿದ್ದೆ, ಎನ್‌ಕೋಡರಿಗೆ ಕೆಳಗಿನದು ಮೊದಲು ಅಂತ ಹೇಳಿದ್ದೆ, ಹಾಗಾಗಿ ಕ್ಷಣಗಳು 1, 2, 3, 4 ಅಂತ ಬರೋ ಬದಲು 2, 1, 4, 3 ಅಂತ ಬರ್ತಿದ್ವು, ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ. ಕಂಪ್ಯೂಟರ್ ಪ್ಲೇಯರ್ರು ಎರಡು ಫೀಲ್ಡನ್ನೂ ಬೆರೆಸಿ ತೋರಿಸ್ತಿದ್ದರಿಂದ ಅಲ್ಲಿ ಮುಚ್ಚಿಹೋಗಿತ್ತು. ಇಂಥ ಡಿಸ್ಕನ್ನ ಡಬ್ಬಾ ಟಿವಿಯಲ್ಲಿ ನೋಡದೇ ಸರಿ ಇದೆ ಅಂತ ಹೇಳಲೇಬಾರದು. ಎರಡೂ ಕಡೆ ಮೇಲಿನದು ಮೊದಲು ಅಂತ ಮಾಡಿ ಮತ್ತೆ ಎನ್‌ಕೋಡ್ ಮಾಡ್ದೆ.

ಖಾಲಿ ಡಿಸ್ಕು ಈಗ ಸಿಗೋದೇ ಕಷ್ಟ, ಶಿವಮೊಗ್ಗದಲ್ಲಿ ನೆಹರೂ ರೋಡು, ಗೋಪಿ ಸರ್ಕಲ್ ಅಂತ ಐದಾರು ಅಂಗಡಿ ತಿರುಗಿದ ಮೇಲೆ ಒಬ್ಬರ ಹತ್ರ ಹಳೇ ಸ್ಟಾಕು ಹತ್ತು ಸಿಕ್ತು. 4ಎಕ್ಸ್ ವೇಗದಲ್ಲಿ ಮೂರು ಪ್ರತಿ ಬರೆದೆ. ಮೂಲದ 13 ಜಿಬಿ ಫೈಲು ಎರಡು ಹಾರ್ಡ್ ಡಿಸ್ಕಿನಲ್ಲಿದೆ, ಟೇಪು ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿದೆ.

ಮೊನ್ನೆ ಸಂಜೆ ಜೋರು ಮಳೆ, ಅಜ್ಜಿ ದೀಪ ಹಚ್ಚಿ ಬಂದು ಕೂತ್ರು, ಹಾಕಿದೆ. ಮೊದಲ ಉರುಳಿಕೆಗೆ ಅಜ್ಜಿ ಬೆರಳು ಮಂಚದ ಪಟ್ಟಿ ಮೇಲೆ ತಾಳ ಹಾಕೋಕೆ ಶುರು ಮಾಡ್ತು, ಕೋಲು ಬೀಳೋದೂ ಸದ್ದೂ ಅವರ ಬೆರಳೂ ಒಟ್ಟೊಟ್ಟಿಗೆ. ಅರ್ಧ ಗಂಟೆ ಮಾತೇ ಆಡಲಿಲ್ಲ. ಒಂದು ಕಡೆ ಅಜ್ಜಯ್ಯ ಭಾಗವತರ ಕಡೆ ತಿರುಗಿ ನಗ್ತಾರೆ, "ಇಲ್ಲಿ ನಿಲ್ಸು ಮಾರಾಯ" ಅಂದ್ರು. ಪಾಸ್ ಒತ್ತಿದೆ. ಮುಖ ನಿಂತಿತು, ಆದ್ರೆ ಎತ್ತಿದ ಕೈ ಎರಡು ಫೀಲ್ಡಿನ ಮಧ್ಯ ಪಟಪಟ ಅದುರ್ತಾ ಇತ್ತು. ಪ್ಲೇಯರ್ ಸೆಟಪ್‌ಗೆ ಹೋಗಿ ಸ್ಟಿಲ್ ಮೋಡ್ ಅನ್ನೋದನ್ನ ಫ್ರೇಮ್‌ನಿಂದ ಫೀಲ್ಡ್‌ಗೆ ಬದಲಾಯಿಸಿ ವಾಪಸ್ ಅದೇ ಜಾಗಕ್ಕೆ ಬಂದು ಮತ್ತೆ ಪಾಸ್ ಒತ್ತಿದೆ. ಈಗ ಕೋಲು ಹಿಡಿದ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಅಜ್ಜಿ ಎದ್ದು ಟಿವಿ ಹತ್ರ ಹೋಗಿ ಸೆರಗಲ್ಲಿ ಗಾಜಿನ ಧೂಳು ಒರೆಸಿ, ಬಹಳ ಹೊತ್ತು ಅಲ್ಲೇ ನಿಂತಿದ್ರು.